ಅವನ ಪಾಲಿನ ಮಾತು

ಮೈದುನ ಶವಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕಿದಾಗಲೂ ಅವಳು ಗಂಡನ ಕೋಟಿನ ಗುಂಡಿ ಹಾಕುತ್ತಲೇ ಇದ್ದಳು. ಆ ಕೋಟು ಗಂಡನೇ ಕತ್ತರಿಸಿ ಹೊಲಿದದ್ದು, ಕತ್ತರಿ ಇನ್ನೂ ಅವನ ಕೈಯಲ್ಲಿದ್ದ ಕಾಲದ್ದು.

“ಸಾಕು ಅತ್ತಿಗೆ, ಜನ ಕಾಯ್ತಿದಾರೆ,” ಎಂದ ಮೈದುನ.

ಜನರ ಹೊತ್ತಿನ ಬಗ್ಗೆ ಇವನಿಗೆ ಎಷ್ಟು ಕಾಳಜಿ, ಅಣ್ಣನ ಒಂದು ಮಾತಿಗೆ ಕಾಯುವ ವ್ಯವಧಾನ ಮಾತ್ರ ಎಂದೂ ಇರಲಿಲ್ಲ ಎಂದುಕೊಂಡಳು ಅವಳು.

ಕಿಟಕಿಯ ಹೊರಗೆ ಹಳೆಯ ಗಿರಾಕಿಯೊಬ್ಬ, “ಒಳ್ಳೆ ದರ್ಜಿ, ಪಾಪ, ಕೊನೆಗೆ ತಲೆ ಕೆಟ್ಟಿತ್ತು,” ಎನ್ನುತ್ತಿದ್ದ.

“ಯಾರ್ ಹೇಳಿದ್ದು?” ಎಂದಳು ಗುಂಡಿ-ದಾರದ ಅಂಗಡಿಯವಳು.

“ಅವರ ತಮ್ಮನೇ.”

“ಅದೇ ನೋಡಿ. ನನ್ನ ಅಂಗಡಿಗೆ ಬಂದ್ರೆ ದಾರದ ಬಣ್ಣ ಒಂದ್ಸಲಾನೂ ತಪ್ಪು ಆರಿಸ್ಲಿಲ್ಲ ಆ ಮನುಷ್ಯ.”

*

ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಅವನ ಮಾತು ಹೋಗಿತ್ತು. ಕೈಗೆ ಏನೂ ಆಗಿರಲಿಲ್ಲ. ಆಸ್ಪತ್ರೆಯಿಂದ ಬಂದು ಅಂಗಡಿಗೆ ಹೋದರೆ, ಜೊತೆಗೇ ಕೆಲಸ ಮಾಡುತ್ತಿದ್ದ ತಮ್ಮನು ಅವನ ಕತ್ತರಿಯನ್ನು ಖಾನೆಯಲ್ಲಿಟ್ಟು ಬೀಗ ಹಾಕಿದ್ದ. ಅಣ್ಣನ ತಲೆ ಸರಿಯಿಲ್ಲ, ಕತ್ತರಿ ಕೊಡಲು ಭಯ ಎಂದು ಗಿರಾಕಿಗಳ ಮುಂದೆಯೇ ಹೇಳಿದ. ತಿರುಗಿ ಬೈಯಲು ಅಣ್ಣನ ಬಾಯಲ್ಲಿ ಮಾತಿರಲಿಲ್ಲ. ಮನೆಗೆ ಬಂದು ಕೂತ.

ಬಾಯಿಪಾಠ ಇರುವುದನ್ನು ಹೇಳಿಸಿ, ಮಾತು ಎತ್ತಿಕೊಡಬೇಡಿ, ಕಾಯಿರಿ ಎಂದಿದ್ದಳು ನರ್ಸ್. ಅವನಿಗೆ ಬಾಯಿಪಾಠವಿದ್ದದ್ದು ಚರ್ಚಿನಲ್ಲಿ ಎಲ್ಲರೂ ಹೇಳುವ ಕರ್ತನ ಪ್ರಾರ್ಥನೆಯೊಂದೇ. ಮೊದಲೆಲ್ಲ ಅದನ್ನು ಹೊಲಿಗೆ ಮಷಿನ್ ಓಡಿಸಿದಂತೆ ಒಂದೇ ಉಸಿರಿಗೆ ಮುಗಿಸುತ್ತಿದ್ದವನು ಈಗ ಒಂದೊಂದೇ ಮಾತನ್ನು ಬಾವಿಯಿಂದ ಸೇದಿದಂತೆ ಸೇದಿದ. ‘ತಂದೆಯೇ’ ಎನ್ನಲು ಒಂದಿಡೀ ಸಂಜೆ ಹಿಡಿಯಿತು, ಹೇಳಿ ಅತ್ತ. ‘ಆಹಾರ’ ಬಂದ ದಿನ ತನ್ನ ತಟ್ಟೆ ನೋಡಿ, ಅವಳನ್ನು ನೋಡಿ, ತಟ್ಟೆಯನ್ನು ಅವಳತ್ತ ತಳ್ಳಿದ. ‘ನಮಗೆ ತಪ್ಪು ಮಾಡಿದವರನ್ನು ನಾವು’ ಎಂಬಲ್ಲಿಗೆ ಬಂದು ನಿಂತ. ಎರಡು ಬೆರಳನ್ನು ಕತ್ತರಿಯಂತೆ ಗಾಳಿಯಲ್ಲಿ ಆಡಿಸಿ ಬಾಯಿ ಮುಚ್ಚಿದ. ದಿನವೂ ಅಲ್ಲಿಗೇ ನಿಲ್ಲುತ್ತಿದ್ದ.

ಮುಂದಿನ ‘ಕ್ಷಮಿಸಿದಂತೆ’ ಎಂಬ ಮಾತು ನೆನಪಾಗುತ್ತಿಲ್ಲವೇನೋ ಎಂದು ಅವಳು ಮರುಗಿದಳು. ಒಮ್ಮೆ ಅವನು ಬೆಕ್ಕಿನ ಬಾಲ ತುಳಿದ. “ಕ್ಷಮಿಸು” ಎಂದು ಬೆಕ್ಕಿಗೆ ಸ್ಪಷ್ಟವಾಗಿ ಹೇಳಿದ. ಇಬ್ಬರೂ ಬಿದ್ದು ಬಿದ್ದು ನಕ್ಕರು. ಪ್ರಾರ್ಥನೆಯಲ್ಲಿ ಅವನು ನಿಲ್ಲುತ್ತಿದ್ದದ್ದು ಸುಳ್ಳು ಹೇಳಲಾರದೆ ಎಂದು ನಗು ನಿಂತ ಮೇಲೆ ಅವಳಿಗೆ ಹೊಳೆಯಿತು.

ಭಾನುವಾರ ಚರ್ಚಿನಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ತಮ್ಮ, ಅಣ್ಣ ‘ನಾವು’ ಎಂದು ನಿಂತೊಡನೆ ಅವನ ಹೆಗಲು ತಟ್ಟಿ, ಎಲ್ಲರಿಗೂ ಕೇಳುವಂತೆ “ಕ್ಷಮಿಸಿದಂತೆ” ಎಂದು ತಾನೇ ಮುಗಿಸುತ್ತಿದ್ದ. ಎಂಥ ತಮ್ಮ ಎಂದು ಜನ ಮೆಚ್ಚಿಕೊಂಡರು. ಅವಳಿಗೆ ಕಂಡದ್ದೇ ಬೇರೆ. ತಪ್ಪು ಮಾಡಿದವನೇ ವಾರವಾರವೂ ಅಣ್ಣನ ಹೆಸರಿನಲ್ಲಿ ತನಗೆ ತಾನೇ ಕ್ಷಮೆ ಕೊಟ್ಟುಕೊಳ್ಳುತ್ತಿದ್ದ.

*

ಸಮಾಧಿಯ ಬಳಿ ಪಾದ್ರಿಗಳು ಕೈ ಜೋಡಿಸಿದಾಗ ಅವಳು, ಪ್ರಾರ್ಥನೆಯನ್ನು ಒಂದೊಂದೇ ಮಾತಾಗಿ ಹೇಳಿಸಿ, ನಮ್ಮವರು ಹೇಳುತ್ತಿದ್ದ ಹಾಗೆ, ಎಂದು ಕೇಳಿಕೊಂಡಳು. ಬಿಸಿಲು ಏರಿದೆ ಎಂದು ಮೈದುನ ಗೊಣಗಿದ. ಪಾದ್ರಿಗಳು ಅವಳ ಮುಖ ನೋಡಿ, ಕೈಗಡಿಯಾರವನ್ನು ನಿಲುವಂಗಿಯ ತೋಳಿನೊಳಗೆ ಸರಿಸಿದರು.

ಹಾಗೆ ಹೇಳಿದಾಗ ಹಳೆಯ ಮಾತುಗಳು ಜನರ ಗಂಟಲಲ್ಲಿ ಹೊಸದಾಗಿ ತೊಡರಿದವು. ‘ಆಹಾರ’ ಎನ್ನುವಾಗ ಗುಂಡಿ-ದಾರದ ಅಂಗಡಿಯವಳು ಕಣ್ಣೊರೆಸಿಕೊಂಡಳು. ತಲೆ ಕೆಟ್ಟಿತ್ತು ಎಂದಿದ್ದ ಗಿರಾಕಿ ನೆಲ ನೋಡಿದ. ನಮಗೆ. ತಪ್ಪು. ಮಾಡಿದವರನ್ನು. ನಾವು.

ಮೈದುನ ಅಭ್ಯಾಸದಂತೆ ಬಾಯಿ ತೆರೆದ. ಅವಳು ಅಂಗೈ ಅಡ್ಡ ಹಿಡಿದಳು.

“ಅದು ಅವರ ಮಾತು. ಹೇಳ್ತಿದ್ರೋ ಇಲ್ವೋ, ಅವರ ಜೊತೇನೇ ಹೋಯ್ತು. ಇಷ್ಟು ವರ್ಷ ಅದನ್ನ ಕದ್ದು ಹೇಳ್ದೆ ನೀನು. ಅದರ ಮುಂದೆ ನಿನ್ನ ಪಾಲಿಂದು ಇದೆಯಲ್ಲ, ಅದನ್ನ ಹೇಳು.”

“ಅತ್ತಿಗೆ, ಎಲ್ಲರ ಮುಂದೆ…”

“ಕತ್ತರಿಗೆ ಬೀಗ ಹಾಕಿದ್ದೂ ಎಲ್ಲರ ಮುಂದೇನೇ.”

‘ನಮ್ಮ ತಪ್ಪುಗಳನ್ನು ಕ್ಷಮಿಸು.’ ಅಷ್ಟೇ ಇದ್ದದ್ದು, ಅಲ್ಲಿದ್ದ ಮಕ್ಕಳಿಗೂ ಬಾಯಿಪಾಠ. ಮೈದುನ ‘ನಮ್ಮ’ ಎಂದ. ತುಟಿ ಅಲುಗಿತು, ಮಾತು ಹೊರಡಲಿಲ್ಲ. ಪಾದ್ರಿಗಳು ಎತ್ತಿಕೊಡಲು ಹೋದರು. ಅವಳು ಬೇಡವೆಂದು ತಲೆಯಾಡಿಸಿದಳು.

ಕುಣಿ ತೋಡಿದವನು ಒಮ್ಮೆ ಅವಳ ಮುಖ ನೋಡಿದ, ಒಮ್ಮೆ ಮೈದುನನ ಮುಖ ನೋಡಿದ. ಆಮೇಲೆ ಗುದ್ದಲಿಯನ್ನು ಕೆಳಗಿಟ್ಟು, ಮಣ್ಣಿನ ಗುಡ್ಡೆಯ ಮೇಲೆ ಸಾವಕಾಶವಾಗಿ ಕೂತ.