ಜ್ವಾಳ ಸುದ್ದಿಗೋ, ಕಾಲಿಗೋ

“ಏಳಲೇ ಭಾಡ್ಯಾ! ಗಾಡಿ ಮುಂದ ಬಂದ್ ಬಿದ್ದು ನಾಟಕಾ ಮಾಡ್ತಿ?”

ಬಸವನ ಬಾಗೇವಾಡಿ ಇನ್ನೂ ಎರಡು ಹರದಾರಿ ಇರುವಲ್ಲಿ, ರಸ್ತೆ ಬದಿಯ ಎರೆಮಣ್ಣಿನಲ್ಲಿ ಧರೆಪ್ಪ ಅಂಗಾತ ಬಿದ್ದಿದ್ದ. ಸೈಕಲ್ಲು ಅವನ ಮೇಲಿತ್ತು. ಮುಂದಿನ ಗಾಲಿ ಹಪ್ಪಳದಂತೆ ಮಡಚಿಕೊಂಡಿತ್ತು. ಹಿಂದಿನದು ತನಗೇನೂ ಸಂಬಂಧವಿಲ್ಲ ಎನ್ನುವಂತೆ ಇನ್ನೂ ತಿರುಗುತ್ತಿತ್ತು. ಕಬ್ಬಿನ ಟ್ರ್ಯಾಕ್ಟರನ್ನು ಹಿಂದೆ ಹಾಕುವ ಅವಸರದಲ್ಲಿ ಎದುರಿನ ಕಾರು ಡಾಂಬರು ಬಿಟ್ಟು, ಇವನಿದ್ದ ಮಣ್ಣಿಗೇ ಇಳಿದು ಬಂದಿತ್ತು.

ಕಾರಿನಿಂದ ಇಳಿದು ಬೈಯುತ್ತಿದ್ದವನು ಸಂಜೀವಕುಮಾರ. ನಮ್ಮೂರ ಬಸಂತರಾಯಗೌಡರ ಅಳಿಯ, ಬಾಗೇವಾಡಿಯವನು. ಅವನ ಮುಖ ಗುರುತು ಹತ್ತಿದ್ದೇ ತಡ, ಧರೆಪ್ಪ ಬಿದ್ದಲ್ಲಿಂದಲೇ ಎರಡೂ ಕೈ ಜೋಡಿಸಿದ.

“ಅಳ್ಯಾರ, ಶರಣ್ರಿ. ನಮ್ಮ ಗೌಡ್ರ ಅವ್ವಾರು ನಸಿಕಿನ್ಯಾಗ ಲಿಂಗೈಕ್ಯ ಆಗ್ಯಾರ್ರಿ. ಇವತ್ತ ನಾಕಕ್ಕ ಮಣ್ಣು. ಎಲ್ಲಾರೂ ಬರ್ಬೇಕಂತ್ರಿ.”

ಇಷ್ಟನ್ನೂ ಒಂದಕ್ಷರ ಬಿಡದೆ ಹೇಳಿ ಮುಗಿಸಿದ ಮೇಲೆಯೇ ಅವನು “ಯವ್ವಾ” ಎಂದದ್ದು.

ಗೌಡರ ಮನೆಯಲ್ಲಿ ಯಾರು ಸತ್ತರೂ ಬೀಗರ ಊರಿಗೆ ಸುದ್ದಿ ಒಯ್ಯುವುದು ನಮ್ಮ ಕೇರಿಯ ಪಾಲಿಗೆ ಬಂದ ಕೆಲಸ. ಅಜ್ಜ ನಡೆದು ಹೋದ, ಅಪ್ಪ ನಡೆದು ಹೋದ, ಧರೆಪ್ಪ ಸೈಕಲ್ಲಿನ ಮೇಲೆ ಹೋದ. ನಮ್ಮಲ್ಲಿ ಆದ ಸುಧಾರಣೆ ಅಷ್ಟು. ಸುದ್ದಿ ಒಯ್ಯುವವನು ದಾರಿಯಲ್ಲಿ ನೀರು ಕುಡಿಯಬಾರದು, ಬೇರೆ ಯಾರಿಗೂ ಸುದ್ದಿ ಹೇಳಬಾರದು. ಬೀಗರ ಅಂಗಳದಲ್ಲಿ ನಿಂತು ಹೇಳಬೇಕು. ಒಳಗೆ ಅಳು ಎದ್ದ ಮೇಲೆ ಒಂದು ಚೆಂಬು ನೀರು, ಮುಂದೆ ಸುಗ್ಗಿಯಲ್ಲಿ ಸುದ್ದಿ ಜ್ವಾಳ, ಒಂದು ಧೋತರ.

“ಗೊತ್ತೈತೋ ಹುಚ್ಚಪ್ಯಾಲಿ! ಆರಕ್ಕs ಫೋನ್ ಬಂದೈತಿ. ಅದಕ್ಕs ಹೊಂಟೇನಿ ನಾ.”

“ಹಂಗಾರ ಸುದ್ದಿ ಮುಟ್ಟಿತ್ರಿ?”

“ಮುಟ್ಟಿತು. ಗಾಲಿ ಬುಡಕಿನ ಕಾಲ ತಗಿ.”

ಕಾಲು ತೆಗೆಯಲು ಬರಲಿಲ್ಲ. ಮೊಣಕಾಲ ಕೆಳಗೆ ಅದು ಬೇರೆ ಯಾರದೋ ಕಾಲಿನಂತೆ ಆಚೆ ತಿರುಗಿತ್ತು. ಸಂಜೀವಕುಮಾರ ಬೂಟಿನ ತುದಿಯಿಂದ ಅದನ್ನು ಮೆಲ್ಲಗೆ ಸರಿಸಿ, ಕಾರು ಹಿಂದೆ ತೆಗೆದು, ಹೋದ. ಮುದುಕಿಯ ಮಣ್ಣಿಗೆ ಹೊತ್ತಾಗಿತ್ತು ಅವನಿಗೆ.

ಹಿಂದಿನಿಂದ ಟಂಟಂ ಗಾಡಿಯಲ್ಲಿ ಉಳ್ಳಾಗಡ್ಡಿ ಚೀಲ ಹೇರಿಕೊಂಡು ಬಂದ ಶಮಶುದ್ದೀನ, ಎರಡು ಚೀಲ ಕೆಳಗೆ ಒಗೆದು ಧರೆಪ್ಪನಿಗೆ ಜಾಗ ಮಾಡಿದ. ಬಾಟಲಿಯ ಮುಚ್ಚಳ ತೆಗೆದು ಬಾಯಿಗೆ ಹಿಡಿದ.

“ಈಗ ಕುಡೀತೇನಿ ಕೊಡು,” ಎಂದ ಧರೆಪ್ಪ. “ಸುದ್ದಿ ಮುಟ್ಟೇತಿ.”

*

ಆದರೆ ಸುದ್ದಿ ಮುಟ್ಟಿರಲಿಲ್ಲ. ಸಂಜೀವಕುಮಾರನ ಅಪ್ಪ ಹಳೆಯ ಕಾಲದ ಬೀಗ. ಫೋನಿನಲ್ಲಿ ಬಂದದ್ದು ಸುದ್ದಿಯಲ್ಲ, ಆಳು ಬಂದು ಅಂಗಳದಲ್ಲಿ ನಿಲ್ಲಬೇಕು ಎಂದು ಅಂಗಿ ರುಮಾಲು ಹಾಕಿಕೊಂಡು ಕಟ್ಟೆಯ ಮೇಲೆ ಸಂಜೆತನಕ ಕಾದು ಕೂತ. ಆಳು ಬರಲಿಲ್ಲ. ಬೀಗ ಮಣ್ಣಿಗೆ ಬರಲಿಲ್ಲ.

ತಿಂಗಳಾದ ಮೇಲೆ, ಕಾಲಲ್ಲಿ ರಾಡು ಹಾಕಿಸಿಕೊಂಡ ಧರೆಪ್ಪ ಹೆಂಡತಿ ಶೆಟ್ಟೆವ್ವನ ಹೆಗಲು ಹಿಡಿದು ಗೌಡರ ಕಟ್ಟೆಯ ಕೆಳಗೆ ನಿಂತಾಗ, ಗೌಡರು ಮೊದಲು ಹೇಳಿದ್ದು ಇದನ್ನೇ.

“ನಿನ್ನ ಕಾಲ ಮುರೀತು, ಕೂಡತೈತಿ. ನನ್ನ ಮಾನ ಮುರೀತಲ್ಲೋ ಮಗನ, ಅದನ್ನ ಯಾವ ಡಾಕ್ಟರ ಕೂಡಸ್ತಾನು? ಬೀಗ ಬರ್ಲಾರದ ಮಣ್ಣಾತು ನಮ್ಮವ್ವಂದು!”

ಧರೆಪ್ಪನಿಗೆ ನಿಜವಾಗಿಯೂ ಕೆಡುಕೆನಿಸಿತು. ಸೋಮವಾರದ ಭಜನೆಯಲ್ಲಿ ತಾಳ ಹಿಡಿಯುವವನು ಅವನು. ಯಾರದೇ ತಪ್ಪಿಗೂ ಮೊದಲು ತನ್ನ ತಲೆ ಬಾಗಿಸಿ ರೂಢಿ. “ತಪ್ಪಾತ್ರಿ ಯಪ್ಪಾ,” ಎಂದ.

ಶೆಟ್ಟೆವ್ವ ಭಜನೆಗೆ ಹೋಗುವವಳಲ್ಲ. “ಸುದ್ದಿ ಹೇಳಾವನ್ನ ದಾರ್ಯಾಗs ಯಾಕ ಕೆಡವಿದಿ ಅಂತ ಅಳ್ಯಾರ್ನ ಕೇಳ್ರಿ ಗೌಡ್ರ. ಇಂವಾ ಮಾರಾಕ ಕಸಬರಿಗಿ ಕಟಗೊಂಡು ಸೈಕಲ್ ತುಳದ್ರs ನಮ್ಮ ಒಲಿ ಹತ್ತೂದು. ಒಂದೂವರಿ ಬಟ್ಟ ಕಾಲ ಗಿಡ್ಡ ಆಗೇತಿ, ಇನ್ನ ಪೆಡಲ್ ನಿಲುಕೂದಿಲ್ಲಂತ ಡಾಕ್ಟರ ಹೇಳ್ಯಾನ.”

“ನಿನ್ನ ನಾಲಗಿ ಒಂದೂವರಿ ಬಟ್ಟ ಗಿಡ್ಡ ಆಗಿದ್ರ ಚಲೋ ಇತ್ತು,” ಎಂದು ಗೌಡರು ನಕ್ಕರು. ಕಟ್ಟೆಯ ಮೇಲಿದ್ದವರೂ ನಕ್ಕರು. “ಸಂಕ್ರಮಣ ಮುಗೀಲಿ, ನೋಡೂಣು.”

ಠಾಣೆಗೆ ಹೋದರೆ ಅಲ್ಲಿಯೂ ನಗೆಯೇ. ಹವಾಲ್ದಾರ ಕುರ್ಚಿ ಹಿಂದಕ್ಕೆ ವಾಲಿಸಿ ಕೇಳಿದ. “ನಿನ್ನ ಸೈಕಲ್ಲಿಗೆ ಲೈಸನ್ಸ್ ಐತಿ?”

“ಇಲ್ರಿ.”

“ಇನ್ಶೂರೆನ್ಸು?”

“ಇಲ್ರಿ.”

“ಹಾರ್ನು?”

“ಗಂಟಿ ಇತ್ರಿ. ಅದೂ ಅವತ್ತs ಹ್ವಾತ್ರಿ.”

“ಮತ್ತ ತಪ್ಪು ಯಾರ್ದಲೇ?”

ದಿನಾ ಹೋಗಿ ಠಾಣೆಯ ಮೆಟ್ಟಿಲ ಮೇಲೆ ಕೂತ ಶೆಟ್ಟೆವ್ವನನ್ನು ದಾಟಿಕೊಂಡು ಓಡಾಡಲು ಬೇಸರವಾಗಿ ಎಂಟನೆಯ ದಿನ ಅವರು ಫಿರ್ಯಾದಿ ಬರೆದುಕೊಂಡರು.

ಸಂಕ್ರಮಣ ಮುಗಿಯಿತು. ಜೋಳದ ರಾಶಿ ಮುಗಿಯಲಿ ಎಂದರು ಗೌಡರು. ರಾಶಿಯೂ ಮುಗಿಯಿತು. ಒಂದು ದಿನ ಗೌಡರ ಆಳು ಪರಸಪ್ಪ ಒಂದು ಚೀಲ ಬಿಳಿಜೋಳ, ಅದರ ಮೇಲೆ ಒಂದು ಧೋತರ, ಅದರ ಮೇಲೆ ಒಂದು ಕಾಗದ ಇಟ್ಟುಕೊಂಡು ಬಂದ.

“ಸುದ್ದಿ ಜ್ವಾಳ ಕಳಿಸ್ಯಾರ ಗೌಡ್ರು. ಇಲ್ಲೊಂದು ಸಹಿ ಹಾಕು.”

ಧರೆಪ್ಪ ನಾಲ್ಕನೆಯ ಇಯತ್ತೆ ಓದಿದವನು. ಬೆರಳಿಟ್ಟು ಓದಿದ: ‘ಒಂದು ಚೀಲ ಜೋಳ, ಒಂದು ಧೋತರ ಮುಟ್ಟಿದೆ. ಇನ್ನು ಯಾವ ತಕರಾರೂ ಇಲ್ಲ.’ ಸುದ್ದಿ ಜ್ವಾಳಕ್ಕೆ ತಕರಾರು ಮಾಡುವವನು ನಮ್ಮ ಕೇರಿಯಲ್ಲಿ ಈತನಕ ಹುಟ್ಟಿಲ್ಲ. ಅಂಗಳಕ್ಕೆ ಹೋಗಿ ಮುಟ್ಟಿಸದ ಸುದ್ದಿಗೂ ಜ್ವಾಳ ಕೊಟ್ಟರಲ್ಲ ದೊಡ್ಡವರು ಎಂದು ಅವನ ಕಣ್ಣಲ್ಲಿ ನೀರು ಬಂತು. ಸಹಿ ಹಾಕಿದ.

*

ಶಮಶುದ್ದೀನನ ಮಗಳು ಬುಶ್ರಾ ಸಿಂದಗಿಯಲ್ಲಿ ವಕೀಲಿ ಮಾಡುತ್ತಿದ್ದಳು. ಅವಳು ಧರೆಪ್ಪನ ಕಾಗದಗಳನ್ನೆಲ್ಲ ನೋಡಿ, ಬೆರಳು ಮಡಚಿ ಎಣಿಸಿದಳು.

“ಕಾಕಾ, ಅಪಘಾತ ಆದ ಆರ್ ತಿಂಗಳೊಳಗ ಪರಿಹಾರಕ್ಕ ಅರ್ಜಿ ಹಾಕ್ಬೇಕು. ಇನ್ನ ಹನ್ನೊಂದs ದಿನ ಅದಾವು. ಸಂಕ್ರಮಣ, ರಾಶಿ ಅನ್ಕೋತ ಗೌಡ್ರು ನಿಮ್ಮನ್ನ ಹಂಗs ಆ ವಾಯ್ದೆ ದಾಟಸಾಕ ನಿಂತಿದ್ರು.”

“ಸೈಕಲ್ಲಿಗೆ ಲೈಸನ್ಸ್ ಇಲ್ಲಂತಲ್ಲವಾ.”

“ಸೈಕಲ್ಲಿಗೆ ಯಾರ್ ಕೇಳ್ತಾರ ಕಾಕಾ? ರಸ್ತಾದ ಮ್ಯಾಲ ಕಾರಿನವಂಗ ಎಷ್ಟ್ ಹಕ್ಕ್ ಐತೋ ನಿಮಗೂ ಅಷ್ಟs ಐತಿ. ಇನ್ಶೂರೆನ್ಸ್ ಇರಬೇಕಾದ್ದು ಅವರ ಗಾಡಿಗೆ. ಅದು ಮುಗದು ಮೂರ್ ತಿಂಗಳಾಗಿತ್ತು. ಕಂಪನಿ ಕೊಡೂದಿಲ್ಲ, ಅಳಿಯಾರs ಕೈಲಿಂದ ಕೊಡ್ಬೇಕು. ಅದಕ್ಕs ಈಗ ಗಾಡಿ ಬಡದೇ ಇಲ್ಲ, ಕುಡದು ತಾನs ತಗ್ಗಿನ್ಯಾಗ ಬಿದ್ದಾನ ಅಂತಾರ.”

“ನಾನು? ಕುಡದು?” ಧರೆಪ್ಪನಿಗೆ ಕಾಲಿಗಿಂತ ಇದು ಹೆಚ್ಚು ನೋಯಿತು. “ಸುದ್ದಿ ಒಯ್ಯೂ ಮುಂದ ನೀರ್ ಸೈತ ಕುಡಿಯೂದಿಲ್ಲವಾ ನಾವು!”

*

ಕೋರ್ಟಿನಲ್ಲಿ ಅಳಿಯನ ಪರವಾಗಿ ಸಾಕ್ಷಿ ಹೇಳಲು ಗೌಡರೇ ಬಂದರು. ಹೊಸ ರುಮಾಲು ಸುತ್ತಿದ್ದರು. ಮೂಲೆಯಲ್ಲಿ ಕೋಲೂರಿ ನಿಂತಿದ್ದ ಧರೆಪ್ಪ, ರೂಢಿ ಬಿಡದೆ, ಅವರಿಗೆ ನಮಸ್ಕಾರ ಮಾಡಿದ. ಗೌಡರೂ ರೂಢಿ ಬಿಡದೆ ಅದನ್ನು ನೋಡಲಿಲ್ಲ.

ತಾವೇ ಅಲ್ಲಿದ್ದವರಂತೆ, ಕಾರು ಬಡಿಯಲಿಲ್ಲ ಎಂದರು. ಸೈಕಲ್ಲು ತಾನೇ ಬಿತ್ತು ಎಂದರು. ಬುಶ್ರಾ ಎದ್ದು ಏನೋ ಕೇಳುವ ಮೊದಲೇ ಗೌಡರಿಗೆ ಸಿಟ್ಟು ಬಂತು. ತಮ್ಮ ಅರ್ಧ ವಯಸ್ಸಿನ ಹುಡುಗಿಯ ಮುಂದೆ ಹಿಂಗೆ ನಿಂತವರಲ್ಲ ಅವರು.

“ಎಲ್ಲಾ ಬಗೀಹರದೈತ್ರಿ ಸಾಹೇಬ್ರ! ಜ್ವಾಳ ಕೊಟ್ಟೇನಿ, ಧೋತರ ಕೊಟ್ಟೇನಿ. ತಕರಾರಿಲ್ಲಂತ ಸಹಿ ಹಾಕಿ ಕೊಟ್ಟಾನ ನೋಡ್ರಿ!” ಎಂದು ಜೇಬಿನಿಂದ ಕಾಗದ ತೆಗೆದು ಆಡಿಸಿದರು. ಅವರ ವಕೀಲರು ಜೋರಾಗಿ ಕೆಮ್ಮಿದರು. ಮತ್ತೊಮ್ಮೆ ಕೆಮ್ಮಿದರು. ಗೌಡರು, “ನೀರ್ ಕುಡೀರಿ ವಕೀಲ್ರ,” ಎಂದರು.

ಬುಶ್ರಾ ಕಾಗದ ಇಸಿದುಕೊಂಡು ಓದಿದಳು. ದನಿ ಏರಿಸಲಿಲ್ಲ. ಮನೆಗೆ ಬಂದ ಹಿರಿಯರಿಗೆ ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳುವಂತೆ ಕೇಳಿದಳು.

“ಗೌಡ್ರ, ಈ ಜ್ವಾಳ ಸುದ್ದಿಗೋ, ಕಾಲಿಗೋ?”

ಗೌಡರು ತಮ್ಮ ವಕೀಲರ ಕಡೆ ನೋಡಿದರು. ವಕೀಲರು ಈಗ ಕೆಮ್ಮುವುದನ್ನೂ ಬಿಟ್ಟು ಸೀಲಿಂಗಿನ ಫ್ಯಾನು ನೋಡುತ್ತಿದ್ದರು.

ಕಾಲಿಗೆ ಎಂದರೆ ಅಳಿಯನ ಕಾರು ಬಡಿದದ್ದು ಹೌದು. ಸುದ್ದಿಗೆ ಎಂದರೆ ಕೇರಿಯವನನ್ನು ಬಿಟ್ಟಿ ಚಾಕರಿಗೆ ಅಟ್ಟಿದ್ದು ಹೌದು. ಅದಕ್ಕೆ ಬೇರೆಯೇ ಅಟ್ರಾಸಿಟಿ ಕಾಯ್ದೆ, ಜಾಮೀನೂ ಸುಲಭವಿಲ್ಲ. ಗೌಡರಿಗೆ ಕಾಯ್ದೆ ಗೊತ್ತಿರಲಿಲ್ಲ. ಆದರೆ ಕಾಲಿಟ್ಟಲ್ಲೆಲ್ಲ ನೆಲ ಮೆತ್ತಗಿದೆ ಎಂಬುದು ಅವರಿಗೆ ತಿಳಿಯಿತು.

“ನೆನಪಿಲ್ರಿ,” ಎಂದರು.

ಜಡ್ಜ್ ಸಾಹೇಬರು ಕನ್ನಡಕ ತೆಗೆದು ಒರೆಸಿದರು. “ಮುಂದಿನ ತಾರೀಖಿಗೆ ನೆನಪು ಮಾಡಿಕೊಂಡು ಬನ್ನಿ.” ಹದಿನೆಂಟನೆಯ ತಾರೀಖು ಕೊಟ್ಟರು.

*

ಬುಶ್ರಾಳ ಆ ಮಾತು ಗೌಡರಿಗಿಂತ ಮೊದಲೇ ಊರು ಮುಟ್ಟಿತು. ಶೆಟ್ಟೆವ್ವ ರೊಟ್ಟಿ ಬಡಿಯುತ್ತ ಅದನ್ನು ಕೈಯ ತಾಳಕ್ಕೆ ಹೊಂದಿಸಿದಳು: ಸುದ್ದಿಗೋ, ಕಾಲಿಗೋ, ಸುದ್ದಿಗೋ, ಕಾಲಿಗೋ. ತೊಗರಿ ಹೊಲದಲ್ಲಿ ಕಸ ಕೀಳುವ ಹೆಂಗಸರು ಒಂದು ಸಾಲು ಈ ಕಡೆ, ಒಂದು ಸಾಲು ಆ ಕಡೆ ಕೂತು ಕೇಳಿ ಹೇಳಿ ಹಾಡಿದರು. ಸೋಮವಾರದ ಭಜನೆಯಲ್ಲಿ ಧರೆಪ್ಪನ ತಾಳ ಕೂಡ ಅವನನ್ನು ಕೇಳದೆ ಅದೇ ನಡೆಗೆ ಬಿತ್ತು. ಅವನು ನಾಚಿ ತಾಳ ಕೆಳಗಿಟ್ಟ. ಆಮೇಲೆ ಎತ್ತಿಕೊಂಡು, ಅದೇ ನಡೆಯಲ್ಲಿ, ಜೋರಾಗಿ ಬಾರಿಸಿದ.

ಹದಿನೆಂಟಕ್ಕೆ ಎರಡು ದಿನ ಇರುವಾಗ, ಹೊತ್ತು ಏರುವ ಹೊತ್ತಿಗೆ, ಗೌಡರ ಕಾಕಾ ತೀರಿಕೊಂಡರು. ತೊಂಬತ್ತರ ಮುದುಕ. ಇಂಡಿ, ಹೊರ್ತಿ, ಮುದ್ದೇಬಿಹಾಳ, ಬಾಗೇವಾಡಿ, ನಾಲ್ಕೂ ಕಡೆ ಬೀಗತನ. ಫೋನುಗಳು ಹೋದವು. ಬಾಗೇವಾಡಿಯ ಬೀಗ ಫೋನಿನಲ್ಲೇ ಹೇಳಿದ: “ಈ ಸಲನಾದ್ರೂ ಆಳು ಬರ್ತಾನೋ ಇಲ್ಲೋ?” ಉಳಿದ ಮೂವರಿಗೂ ಅದೇ ಹಟ ಹತ್ತಿತ್ತು.

ಪರಸಪ್ಪ ಓಡಿ ಕೇರಿಗೆ ಬಂದ. ಬಂದವನು ನಿಂತುಬಿಟ್ಟ. ಬೇವಿನ ಗಿಡದ ಕೆಳಗೆ ನಾಲ್ಕು ಸೈಕಲ್ಲು ಸಾಲಾಗಿ ನಿಂತಿದ್ದವು. ಗಾಳಿ ತುಂಬಿಸಿತ್ತು, ಚೈನಿಗೆ ಎಣ್ಣೆ ಬಿಟ್ಟಿತ್ತು. ನಾಲ್ವರು ತಲೆಗೆ ಟಾವೆಲ್ಲು ಸುತ್ತಿಕೊಂಡು ಹ್ಯಾಂಡಲ್ ಹಿಡಿದಿದ್ದರು. ಸುದ್ದಿ ಒಯ್ಯುವವರಂತೆ, ಗೌಡರ ಮನೆಯ ಅಳು ಕೇಳಿದಾಗಿನಿಂದ ನೀರು ಕೂಡ ಮುಟ್ಟಿರಲಿಲ್ಲ.

“ಶಬಾಶ್,” ಎಂದ ಪರಸಪ್ಪ. “ಮತ್ತ್ಯಾಕ ನಿಂತೀರಿ? ಹೊಂಡ್ರಿ.”

ಕಟ್ಟೆಯ ಮೇಲೆ ಕೂತಿದ್ದ ಧರೆಪ್ಪ ಹೇಳಿದ: “ನಾವ್ ಒಲ್ಲೆ ಅಂದಿಲ್ಲ ಪರಸಪ್ಪ. ಚೀಟಿ ಬೇಕು. ಯಾರ್ ಕಳಿಸಿದ್ರು, ಯಾವೂರಿಗೆ, ಏನ್ ಕೂಲಿ, ದಾರ್ಯಾಗ ಗಾಡಿ ಬಡದ್ರ ಯಾರ ಹೊಣಿ. ಬುಡಕ ಗೌಡ್ರ ಸಹಿ. ಒಬ್ಬೊಬ್ಬರಿಗೆ ಒಂದೊಂದು.”

“ಹೆಣಾ ಕುಂತೈತಿ ಅಲ್ಲಿ! ಇದೇನ್ ಚ್ಯಾಷ್ಟಿ?”

“ನಾನೂ ಸಹಿ ಹಾಕೇನಲ್ಲೋ, ನೀ ತಂದ ಕಾಗದಕ್ಕ.”

ಪರಸಪ್ಪ ಹೋದ. ಗೌಡರೇ ಬಂದರು. ಕೇರಿಯ ಬಾಯಲ್ಲಿ ಅವರು ನಿಂತದ್ದನ್ನು ನಮ್ಮ ಹಿರಿಯರು ಕೂಡ ನೋಡಿರಲಿಲ್ಲ. ಕಣ್ಣು ಕೆಂಪಾಗಿದ್ದವು, ಕಾಕಾನ ಮೇಲೆ ಅವರಿಗೆ ಮಾಯೆ ಇದ್ದದ್ದು ನಿಜ.

“ಸೂಳೀಮಕ್ಕಳ್ರ,” ಎಂದರು.

ಧರೆಪ್ಪ ಕೋಲೂರಿ ಎದ್ದ. ಒಂದೂವರೆ ಬಟ್ಟು ಗಿಡ್ಡಾದ ಕಾಲು ಎಳೆಯುತ್ತ ಹತ್ತಿರ ಬಂದ. ಬಾಗಿ ನಮಸ್ಕಾರ ಮಾಡಿದ. ಅಂಗಿಯ ಜೇಬಿನಿಂದ ಪೆನ್ನು ತೆಗೆದ, ಅದರ ಟೋಪಿ ಬಿಚ್ಚಿದ, ನಾಲ್ಕು ಚೀಟಿಗಳ ಮೇಲಿಟ್ಟು ಎರಡೂ ಕೈಯಿಂದ ಮುಂದೆ ಹಿಡಿದ. ಗೌಡರು ಇಸಿದುಕೊಂಡರು. ಚೀಟಿ ನೋಡಿದರು. ಈ ಚೀಟಿ ನಾಡಿದ್ದು ಹದಿನೆಂಟಕ್ಕೆ ಕೋರ್ಟಿನಲ್ಲಿ ಯಾರ ಕೈಯಲ್ಲಿರುತ್ತದೆ ಎಂಬುದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಆ ಕಡೆ ಗೌಡರ ಅಂಗಳದಲ್ಲಿ ಮುದುಕನನ್ನು ವಿಭೂತಿ ಹಚ್ಚಿ, ಹೂವು ಹಾಕಿ, ಗೋಡೆಗೆ ಆನಿಸಿ ಕೂರಿಸಿದ್ದರು. ಕುತ್ತಿಗೆ ಮತ್ತೆ ಮತ್ತೆ ವಾಲುತ್ತಿತ್ತು. ಯಾರೋ ಮತ್ತೆ ಮತ್ತೆ ನೆಟ್ಟಗೆ ಮಾಡುತ್ತಿದ್ದರು. ಬಿಸಿಲು ಅವನ ಮೊಣಕಾಲಿನತನಕ ಬಂದಿತ್ತು.

ನಾಲ್ವರೂ ಒಂದು ಕಾಲು ಪೆಡಲಿನ ಮೇಲಿಟ್ಟರು.

“ಹೊತ್ತಾಗಾಕತ್ತೈತ್ರಿ ಯಪ್ಪಾ,” ಎಂದ ಧರೆಪ್ಪ, ಮೆಲ್ಲಗೆ. “ನಾವಂತೂ ತಯಾರದೇವಿ.”