ಬಿಳಿ ತಟ್ಟೆಯಲ್ಲಿ ಕಪ್ಪೆಯ ಕಣ್ಣು

ಏಪ್ರನ್ನಿನ ಮೇಲೆ ಬಿದ್ದ ಈ ಕೆಂಪು ಬಣ್ಣದ ಹನಿ ನಿನ್ನೆ ಬೆಳಿಗ್ಗೆ ಬಟಾಣಿಯಷ್ಟಿತ್ತು, ಈಗ ಅದರ ಸುತ್ತ ತಿಳಿಗೆಂಪಿನ ಇನ್ನೊಂದು ಬಳೆ ಎದ್ದಿದೆ, ಎದ್ದಿದೆಯೋ ಅಥವಾ ಏಪ್ರನ್ನಿನ ತೇವಕ್ಕೆ ಹಾಗೆ ಕಾಣುತ್ತಿದೆಯೋ — ನೋಡಬೇಡ ಅಪೊಲೆನ, ತಟ್ಟೆ ಒರೆಸು, ಇನ್ನು ಕಾಲು ಗಂಟೆಗೆ ಗಂಟೆ ಬಾರಿಸುತ್ತಾರೆ, ಗೋಡೆಯಾಚೆ ಕುರ್ಚಿಗಳು ಕಿರುಗುಟ್ಟುತ್ತಿವೆ, ವಿಯೆನ್ನಾದ ಗಡ್ಡಗಳೆಲ್ಲ ಬಂದು ಕೂರುತ್ತಿವೆ, ಅವರ ಮುಂದೆ ನಮ್ಮ ಡಾಕ್ಟರ್ ಲೈಟ್ನರ್ ಒಂದು ಕಪ್ಪೆಯ ಕಣ್ಣು ಬಿಚ್ಚಿ ತೋರಿಸಬೇಕು, ತೋರಿಸಿದರೆ ಪಾಠ ಹೇಳುವ ಹಕ್ಕು, ತಪ್ಪಿದರೆ ಮತ್ತೆ ಹಳ್ಳಿಯ ಹಲ್ಲು ಕೀಳುವ ಕೆಲಸ, ಅವರೇ ನಗುತ್ತಾ ಹೇಳಿದ್ದು, ಹಲ್ಲು ಕೀಳೋದಕ್ಕೆ ನನ್ನ ಕೈ ಚೆನ್ನಾಗಿದೆ ಫ್ರಾವ್ ಅಪೊಲೆನ, ಮನಸ್ಸಿಲ್ಲ ಅಷ್ಟೇ. ಮೂವತ್ತು ವರ್ಷ ದೊಡ್ಡ ಮನೆಗಳಲ್ಲಿ ಕರುವಿನ ಕಾಲು ಕುದಿಸಿ ಅಂಟು ತೆಗೆದವಳು ನಾನು, ಇಲ್ಲಿಯೂ ಅದೇ ಅಂಟು, ಕಪ್ಪೆಯ ರಕ್ತನಾಳಕ್ಕೆ ತುಂಬಲು, ಅದಕ್ಕೆ ಕಾರ್ಮೈನ್ ಎಂಬ ಕೆಂಪು ಬಣ್ಣ, ಕೆಂಪು ಕರಗಲು ಅಮೋನಿಯಾ, ಆಮೇಲೆ ಹನಿ ಹನಿಯಾಗಿ ವಿನೆಗರ್, ಮೂಗು ಸುಡುವ ಆ ಘಾಟು ಸಾಯುವವರೆಗೆ, ಸತ್ತ ಕ್ಷಣವೇ ಕೈ ತಡೆಯಬೇಕು, ವಿನೆಗರ್ ಹೆಚ್ಚಾದರೆ ಬಣ್ಣ ಮರಳುಗಟ್ಟಿ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ, ಘಾಟು ಉಳಿದರೆ ನಾಳದ ಗೋಡೆಯನ್ನೇ ದಾಟಿ ಸೋರುತ್ತದೆ, ಬಟ್ಟೆಯಲ್ಲಿ ಹನಿ ಹರಡಿದ ಹಾಗೆ. ಇದಕ್ಕೆ ಅಳತೆಯಿಲ್ಲ. ಪುಸ್ತಕಕ್ಕಿಂತ ನಿಮ್ಮ ಮೂಗೇ ವಾಸಿ ಅಂತ ಡಾಕ್ಟರು ಎಲ್ಲರೆದುರು ಹೇಳಿದರು, ಆ ಮಾತೇ ನನ್ನ ಬಾಯಿಗೆ ಬೀಗ ಹಾಕಿತು, ಏಕೆಂದರೆ ನಿನ್ನೆ ನನ್ನ ಮೂಗು ಕಟ್ಟಿತ್ತು. ಖಾರಮೂಲಂಗಿ ತುರಿದು ಮೂಸಿದೆ, ಕಣ್ಣು ಸುರಿಯಿತು, ಮೂಗು ಬಿಡಲಿಲ್ಲ. ವಿನೆಗರ್ ಹನಿಸಿದೆ, ಮೂಸಿದೆ, ಘಾಟಿಲ್ಲ, ಆಯಿತು ಅಂದೆ — ಘಾಟು ಮೊದಲಾದರೂ ಬರುತ್ತಿತ್ತೇ ನನ್ನ ಮೂಗಿಗೆ? ಬಾಗಿಲು ಕಾಯುವ ಶಿಮೆಕ್ ಕೇಳಿದ್ದ, ಏನಮ್ಮಾ ಅಡುಗೆ ಮಹಾರಾಣಿ, ಮೂಗು ಬೀಟ್‌ರೂಟ್ ಆಗಿದೆಯಲ್ಲ, ನೆಗಡಿಯೋ ಬಿಯರೋ? ಬಿಯರು ಕಣಯ್ಯ, ನಿನ್ನ ಪಾಲಿಂದೂ ನಾನೇ ಕುಡಿದೆ ಅಂದೆ. ನೆಗಡಿ ಅಂದಿದ್ದರೆ? ಹೋದ ಚಳಿಗೆ ಕೆಮ್ಮಿದಳೆಂದು ನನ್ನ ಜೊತೆ ಕೆಲಸಕ್ಕಿದ್ದ ಬಾರ್ಬರಾಳನ್ನು, ಕ್ಷಯ ಇರಬಹುದೆಂದು, ಮಧ್ಯಾಹ್ನದ ಊಟಕ್ಕೆ ಮೊದಲೇ ಗೇಟಿನಾಚೆ ಕಳಿಸಿದ್ದರು, ಅವಳ ಚೊಂಬು ಇನ್ನೂ ಮೊಳೆಯಲ್ಲಿ ನೇತಾಡುತ್ತಿದೆ.

ಬೇರೆ ಕಪ್ಪೆ ಇಲ್ಲ, ನೆಲಮಾಳಿಗೆಯ ಪಾಚಿಯಲ್ಲಿ ಮಲಗಿದ್ದವುಗಳಲ್ಲಿ ಕೊನೆಯದು ಅದೇ, ಹೊರಗೆ ಡ್ಯಾನ್ಯೂಬಿನ ಹಿನ್ನೀರೆಲ್ಲ ಮಂಜುಗಡ್ಡೆ, ಕಣ್ಣಿನ ಸುತ್ತ ಚಿನ್ನದ ಬಳೆಯಿದ್ದ ದೊಡ್ಡ ಹೆಣ್ಣು, ಅದರ ಹೃದಯದಿಂದ ಹೊರಟ ನನ್ನ ಕೆಂಪು ಬಣ್ಣ ಅದರ ನಾಲಿಗೆಗೆ ಬಂದಾಗ ಡಾಕ್ಟರು ಉಸಿರು ಹಿಡಿದಿದ್ದರು, ಆಮೇಲೆ ಎರಡು ಕಣ್ಣೂ ರಾತ್ರಿಯೆಲ್ಲ ಮದ್ಯಸಾರದಲ್ಲಿ, ಬಲಗಣ್ಣು ಸಭೆಗೆ ಹೋಯಿತು, ಎಡಗಣ್ಣು ಇಲ್ಲಿ ಬಾಟಲಿಯಲ್ಲಿ, ಆಪತ್ತಿಗೆಂದು, ನನ್ನ ವಶಕ್ಕೆ. ಒಮ್ಮೆ ಡಾಕ್ಟರೇ ಬಿಡಿಸಿ ಹೇಳಿದ್ದರು, ಮನುಷ್ಯರ ಕಣ್ಣಲ್ಲಿ ನೋಡುವ ಪೊರೆ ಇದೆಯಲ್ಲ, ಅದರೊಳಗೇ ರಕ್ತನಾಳ ಬೇರು ಬಿಟ್ಟಿರುತ್ತೆ, ಕಪ್ಪೆಗೆ ಪೊರೆಯೊಳಗೆ ಒಂದೂ ಇಲ್ಲ, ಹಿಂದಿನಿಂದ ನಾಳಗಳ ಒಂದು ಕೆಂಪು ಹಾಸಿಗೆ ರಕ್ತ ಊಡಿಸುತ್ತೆ, ಮುಂದಿನಿಂದ ಕಣ್ಣೊಳಗಿನ ಲೋಳೆಯ ಮೈಮೇಲೆ ಹರಡಿದ ನಾಳಗಳ ಬಲೆ ಊಡಿಸುತ್ತೆ, ಲೋಳೆ ಎತ್ತಿದರೆ ಬಲೆಯೂ ಅದರ ಜೊತೆಗೇ ಬರುತ್ತೆ, ಪೊರೆ ಬಿಳಿಯಾಗೇ ಉಳಿಯುತ್ತೆ. ಅಂದ್ರೆ ರೊಟ್ಟಿಗೆ ಕೆಳಗೂ ಬೆಣ್ಣೆ ಮೇಲೂ ಬೆಣ್ಣೆ, ಹಿಟ್ಟಿಗೆ ಮಾತ್ರ ಇಲ್ಲ ಅಂತೀರಿ, ಅಂದೆ ನಾನು. ಅಯ್ಯೋ, ಇದನ್ನೇ ನಾನು ನಲವತ್ತು ಪುಟ ಬರೆದಿದ್ದೀನಲ್ಲ! ಎಷ್ಟು ನಕ್ಕರು. ಪೊರೆ ಬಿಳಿಯಾಗಿ ಉಳಿಯಬೇಕು, ಅಷ್ಟೇ, ಇಡೀ ನಲವತ್ತು ಪುಟ ಆ ಬಿಳಿಯ ಮೇಲೆ ನಿಂತಿದೆ, ಬಣ್ಣ ಸೋರಿದ್ದರೆ ಪೊರೆ ಕೆಂಪಾಗಿರುತ್ತದೆ, ಮುಂದಿನ ಸಾಲಿನ ಮುದುಕ ಪ್ರೊಫೆಸರ್ ಬ್ರಾಂಡೆಗ್ ಕನ್ನಡಕ ಏರಿಸಿ, ಇದೇನಪ್ಪಾ, ಇಲ್ಲ ಇಲ್ಲ ಅಂದ ರಕ್ತ ಪೊರೆತುಂಬಾ ಇದೆಯಲ್ಲ ಅನ್ನುತ್ತಾನೆ — ಹನಿಯ ಬಳೆ ಇನ್ನೂ ಅಗಲವಾಯಿತೇ?

ಕತ್ತರಿ ಎಲ್ಲಿ. ಎಡಗಣ್ಣನ್ನು ಮುಟ್ಟಬಾರದು, ನನ್ನ ವಶಕ್ಕೆ ಕೊಟ್ಟದ್ದು ಕಾಯಲು, ಕೊಯ್ಯಲಲ್ಲ, ಆದರೆ ನೂರು ಸಲ ನೋಡಿದ್ದೇನೆ, ಬೇಯಿಸಿದ ಮೊಟ್ಟೆಯ ತಲೆ ತೆಗೆದ ಹಾಗೆ, ಹೀಗೆ, ಕೋಳಿಯ ಪಿತ್ತ ಒಡೆಯದೆ ತೆಗೆದ ಕೈಯಿದು. ಗುಂಡು ಮಸೂರ ಹೊರಬಂತು. ಈಗ ಲೋಳೆ, ಮೆಲ್ಲಗೆ, ಬಂತು, ಬಲೆಯೂ ಬಂತು, ದೇವರೇ ಎಷ್ಟು ಚೆಂದ, ಒಂದೊಂದು ಎಳೆಯೂ ಕಸೂತಿಯ ನೂಲಿನಂತೆ, ಡಾಕ್ಟರು ಹೇಳಿದ್ದು ನಿಜ, ನಿಜ! ಆದರೆ ಕೆಳಗೆ ಕಣ್ಣಿನ ಬಟ್ಟಲ ತಳ ಕೆಂಪು. ತಡೆ. ಅದು ಹಿಂದಿನ ಹಾಸಿಗೆಯ ಕೆಂಪು ಪೊರೆಯ ಮೂಲಕ ಕಾಣುವುದಿರಬಹುದು, ಪೊರೆಯನ್ನು ಬಿಡಿಸಿ ನೀರಿನಲ್ಲಿ ತೇಲಿಸಿದರೆ ತಿಳಿಯುತ್ತದೆ, ಬಿಳಿ ತಟ್ಟೆಯಲ್ಲಿ ಬಿಳಿ ಪೊರೆ ಕಣ್ಣಿಗೆ ಬೀಳಬಾರದು, ಹಾಲಿನಲ್ಲಿ ಹಾಲಿನ ಕೆನೆಯಂತೆ, ಬೀಳದಿರಲಿ, ಬೆರಳಿಗೆ ಸಿಕ್ಕು ಕಣ್ಣಿಗೆ ಸಿಗದಿರಲಿ — ಗಂಟೆ ಬಡಿಯಿತು. ಡಾಕ್ಟರ ದನಿ. ಮಾನ್ಯರೇ. ನರದ ತೊಟ್ಟು ಕತ್ತರಿಸಿದೆ, ಬಿಡಿಸಿದೆ, ನೀರಿಗೆ ಬಿಟ್ಟೆ. ಗುಲಾಬಿ. ಉದುರಿದ ಎಸಳಿನ ಹಾಗೆ, ಅಂಚಿನಿಂದ ಅಂಚಿಗೆ ಗುಲಾಬಿ, ಎಷ್ಟು ಸ್ಪಷ್ಟವಾಗಿ ಕಾಣುತ್ತಿದೆ. ಚೆಲ್ಲಿಬಿಡು, ಯಾರೂ ನೋಡಿಲ್ಲ, ಬಲಗಣ್ಣೂ ಹೀಗೆಯೇ ಇದ್ದರೆ ಕಪ್ಪೆಯ ತಪ್ಪು, ಡಾಕ್ಟರ ತಪ್ಪು, ಅಡುಗೆಯವಳನ್ನು ಯಾರು ಕೇಳುತ್ತಾರೆ — ಅವರು ಮಾತ್ರ ತಾವು ಕಂಡದ್ದೇ ಸುಳ್ಳೆಂದು ನಂಬಿ ಹಳ್ಳಿಗೆ ಹೋಗುತ್ತಾರೆ. ಮಂಜು ಕರಗಿದರೆ ಕಪ್ಪೆ ಸಿಗುತ್ತದೆ, ಒಂದು ತಿಂಗಳು, ಆದರೆ ಸುಳ್ಳು ಬಣ್ಣ ಕಂಡ ಆ ಮುದುಕರ ಕಣ್ಣು ತೊಳೆಯುವ ನೀರು ಎಲ್ಲೂ ಸಿಗದು. ಮೊಳೆಯಲ್ಲಿ ಬಾರ್ಬರಾಳ ಚೊಂಬು. ನನ್ನದಕ್ಕೆ ಇನ್ನೊಂದು ಮೊಳೆಯೂ ಇದೆ. ತಟ್ಟೆ ಎತ್ತಿದೆ, ಮೊಣಕೈಯಿಂದ ಬಾಗಿಲು ನೂಕಿದೆ, ಏಯ್ ಎಲ್ಲಿಗೆ ಹೆಂಗಸೇ ಅಂತ ಶಿಮೆಕ್, ಗಡ್ಡಗಳೆಲ್ಲ ತಿರುಗಿದವು, ಡಾಕ್ಟರ ಕತ್ತರಿ ಬಲಗಣ್ಣಿನ ಮೇಲೆ ನಿಂತಿದೆ, ಕೊಯ್ಯಬೇಡಿ ಡಾಕ್ಟರೇ, ನನಗೆ ನೆಗಡಿ ಇತ್ತು, ನನ್ನ ದನಿಯೇ ಅದು, ತಟ್ಟೆಯ ನೀರು ಅಲುಗುತ್ತಿದೆ, ನೀರಿನಲ್ಲಿ ಎಸಳು, ಬಿಳಿಯ ಮೇಲೆ ಗುಲಾಬಿ, ಕಾಣಬಾರದಿತ್ತು, ಕಾಣುತ್ತಿದೆ, ಕಾಣುತ್ತಿದೆ.