ಪಟ್ಟಿಗೆ ಸೇರದ ಅಜ್ಜಿ

ಪುಟ್ಟ ಮಕ್ಕಳ ಪಾಲನೆಗೆ ಯಾವ ಸರ್ಕಾರ ಎಷ್ಟು ಖರ್ಚು ಮಾಡುತ್ತದೆಂದು ದೇಶದೇಶಗಳನ್ನು ಹೋಲಿಸಿ ನೋಡುವುದು ಅವಳ ಕಚೇರಿಯ ಕೆಲಸ. ತನ್ನ ದೇಶದ ಹೆಸರು ಪಟ್ಟಿಯ ತಳದಲ್ಲಿತ್ತು. “ನಮ್ಮಲ್ಲಿ ಅಜ್ಜಿಯರಿದ್ದಾರಲ್ಲಮ್ಮ, ಖರ್ಚು ಯಾಕೆ?” ಎಂದು ಮೇಲಧಿಕಾರಿ ನಕ್ಕಿದ್ದರು.

ಅಂದು ಬೇಗ ಮನೆಗೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಅವಳ ತಾಯಿ ಹಳೆಯ ಹೊದಿಕೆಯ ಅಂಚು ಹರಿದು, ಆ ಬಟ್ಟೆಯ ಒಂದು ತುದಿಯನ್ನು ಮೊಮ್ಮಗಳ ಸೊಂಟಕ್ಕೂ ಇನ್ನೊಂದನ್ನು ತನ್ನ ಸೊಂಟಕ್ಕೂ ಕಟ್ಟಿಕೊಂಡು ಕುಳಿತಿದ್ದಳು.

“ಅಯ್ಯೋ ಅಮ್ಮಾ, ಇವಳೇನು ಕರುವಾ?”

“ನಿನ್ನ ಮಗಳು ಚಿಗರೆ ಕಣೇ! ನಿನ್ನೆ ಬೀದಿಗೇ ಓಡಿದ್ಳು. ಹಿಡಿಯೋಕೆ ಈ ಮಂಡಿ ಏಳ್ಬೇಕಲ್ಲ?”

ಮಗುವನ್ನು ನೋಡಿಕೊಳ್ಳಲು ಬೇರೆಯವರನ್ನು ಇಟ್ಟುಕೊಳ್ಳೋಣವೆಂದರೆ ಅವಳ ಸಂಬಳ ಸಾಲದು. ಕೆಲಸ ಬಿಟ್ಟರೆ ಮೂವರ ಹೊಟ್ಟೆಗೂ ತಣ್ಣೀರುಬಟ್ಟೆಯೇ ಗತಿ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ, ಮಗುವಿನ ಚರ್ಮ ತರಚದಂತೆ ಮೆತ್ತನೆಯ ಅರಿವೆ ಹುಡುಕಿ, ಆ ಗಂಟನ್ನು ಅವಳೇ ಹಾಕಿದಳು.